ಭೋಪಾಲ: ಆ ರಾತ್ರಿಗೂ ಮುನ್ನ ಬೆಂದವರು

ನಮ್ಮ ಮೊಹಲ್ಲಾದಲ್ಲಿ ಕಲಾಯಿ ಹಾಕುವ ಚಾಚಾ ಒಬ್ಬರಿದ್ದರು. ಮದುವೆಯ ದಿನಗಳು ಹತ್ತಿರವಾದಂತೆ ಬಿರಿಯಾನಿ ಬೇಯಿಸುವ ತಾಮ್ರದ ದೊಡ್ಡ ದೊಡ್ಡ ಪಾತ್ರೆಗಳು ಅವರ ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ತವರ ಹಿಡಿಯಬೇಕಾದರೆ ಮೊದಲು ಪಾತ್ರೆಯ ಕಿಲುಬು ಹೋಗಬೇಕು. ಅದಕ್ಕೆ ಅವರು ಬಳಸುತ್ತಿದ್ದದ್ದು ಆಸಿಡ್; ನಮ್ಮ ಮನೆಮಾತಿನಲ್ಲಿ ತೇಜಾಬ್. ಹಳೆಯ ಬಟ್ಟೆಯ ಸಿಂಬಿಯನ್ನು ಅದರಲ್ಲಿ ಅದ್ದಿ ಪಾತ್ರೆಯ ಒಳಗೆ ತಿಕ್ಕುತ್ತಿದ್ದರು. ಆಮೇಲೆ ಬೆಂಕಿಯ ಮೇಲಿಟ್ಟು ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು. ಮಕ್ಕಳಾದ ನಮಗೆ ಅದೊಂದು ಜಾದೂ. ಚಾಚಾನ ಬೆರಳುಗಳು ಮಾತ್ರ ಬೇರೆಯವರ ಬೆರಳುಗಳ ಹಾಗಿರಲಿಲ್ಲ. ಉಗುರುಗಳು ಕರಗಿದಂತಿದ್ದವು, ಮುಂಗೈಯ ಚರ್ಮ ಅಲ್ಲಲ್ಲಿ ಬಿಳಿಚಿ ನಿರಿಗೆಗಟ್ಟಿತ್ತು. ಒಮ್ಮೆ ಹನಿ ಸಿಡಿದು ಒಂದು ಕಣ್ಣಿನ ನೋಟವೂ ಮಂಜಾಯಿತು. ಆಗ ಮೊಹಲ್ಲಾದ ಹಿರಿಯರು ಆಡಿದ ಮಾತು ನನಗೆ ಇವತ್ತಿಗೂ ನೆನಪಿದೆ: "ಪಾಪ, ಒಳ್ಳೆಯ ಮನುಷ್ಯ. ಆದರೆ ಹುಷಾರಾಗಿರಬೇಕಿತ್ತು."

ಆ ಮಾತಿನಲ್ಲಿ ಮರುಕವಿತ್ತು, ಕೇಡೇನೂ ಇರಲಿಲ್ಲ. ಆದರೂ ಗಾಯಗೊಂಡವನೇ ಗಾಯಕ್ಕೆ ಹೊಣೆ ಎಂಬ ತೀರ್ಪು ಅದರೊಳಗೆ ಇತ್ತು. ಮುಂದೆ ಭೋಪಾಲದ ಚರಿತ್ರೆಯನ್ನು ಓದುತ್ತಾ ಹೋದಾಗ ಇದೇ ತೀರ್ಪು ಅಲ್ಲಿಯೂ ಮತ್ತೆ ಮತ್ತೆ ಎದುರಾಯಿತು. ಭೋಪಾಲವೆಂದರೆ ನಮಗೆಲ್ಲ ನೆನಪಾಗುವುದು 1984ರ ಡಿಸೆಂಬರ್ 2 ಮತ್ತು 3ರ ನಡುವಿನ ಆ ಒಂದು ರಾತ್ರಿ. ಆದರೆ ಆ ರಾತ್ರಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದಕ್ಕೂ ಮೂರು ವರ್ಷ ಮೊದಲೇ ಅದೇ ಕಾರ್ಖಾನೆಯ ಗೋಡೆಗಳ ಒಳಗೆ ಕಾರ್ಮಿಕರು ಬೇಯಲು ಆರಂಭಿಸಿದ್ದರು. ಅವರ ಗಾಯಗಳೇ ಮುಂದಿನ ದುರಂತದ ಮುನ್ಸೂಚನೆಗಳಾಗಿದ್ದವು. ಈ ಬರಹ ಆ ಮರೆತುಹೋದ ಅಧ್ಯಾಯದ ಬಗ್ಗೆ.

ಬೇಗಮರ ಊರಿಗೆ ಬಂದ ಕಾರ್ಖಾನೆ

ಭೋಪಾಲ ಕೆರೆಗಳ ಊರು, ಬೇಗಮರ ಊರು. 1819ರಿಂದ 1926ರವರೆಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಆಳಿದವರು ಹೆಂಗಸರು. ಕುದ್ಸಿಯಾ, ಸಿಕಂದರ್, ಶಾಹಜಹಾನ್ ಮತ್ತು ಸುಲ್ತಾನ್ ಜಹಾನ್ ಬೇಗಮ್ ಎಂಬ ನಾಲ್ವರ ಹೆಸರು ಅಲ್ಲಿನ ಮಸೀದಿ, ಶಾಲೆ, ಬೀದಿಗಳಲ್ಲಿ ಇಂದಿಗೂ ಉಳಿದಿದೆ. ಸುಲ್ತಾನ್ ಜಹಾನ್ ಬೇಗಮ್ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ. ಉರ್ದು ಓದಿದವರಿಗೆ ಈ ಊರು ಇನ್ನೊಂದು ಕಾರಣಕ್ಕೂ ಹತ್ತಿರ. ಕವಿ ಇಕ್ಬಾಲ್ ತಮ್ಮ ಕೊನೆಯ ವರ್ಷಗಳಲ್ಲಿ ಗಂಟಲಿನ ಚಿಕಿತ್ಸೆಗೆಂದು ಭೋಪಾಲಕ್ಕೆ ಬಂದು ನವಾಬ್ ಹಮೀದುಲ್ಲಾ ಖಾನರ ಅತಿಥಿಯಾಗಿದ್ದರು.

ಇಂಥ ಊರಿನ ಉತ್ತರ ಭಾಗದಲ್ಲಿ 1969ರಲ್ಲಿ ಯೂನಿಯನ್ ಕಾರ್ಬೈಡ್ ಕೀಟನಾಶಕದ ಕಾರ್ಖಾನೆ ತೆರೆಯಿತು. ಭಾರತದ ಕಂಪನಿಯ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಶೇ. 50.9ರಷ್ಟು ಷೇರು ಅಮೆರಿಕದ ಮೂಲ ಕಂಪನಿಯ ಕೈಯಲ್ಲಿತ್ತು. ಹಸಿರು ಕ್ರಾಂತಿಯ ಕಾಲವದು. ಕೀಟನಾಶಕವೆಂದರೆ ಅನ್ನ, ಅನ್ನವೆಂದರೆ ಸ್ವಾಭಿಮಾನ ಎಂದು ದೇಶ ನಂಬಿತ್ತು. ಆ ಕಂಪನಿಯು 1960ರ ದಶಕದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಹಾಕಿಸಿದ ಒಂದು ಜಾಹೀರಾತಿದೆ. ಆಕಾಶದಿಂದ ಇಳಿದ ಭಾರೀ ಕೈಯೊಂದು ಕೆಂಪು ದ್ರವವನ್ನು ಭಾರತದ ನೆಲದ ಮೇಲೆ ಸುರಿಯುತ್ತಿದೆ. ಕೆಳಗೆ ಎತ್ತು ಹೂಡಿದ ರೈತ ಉಳುತ್ತಿದ್ದಾನೆ. ವಿಜ್ಞಾನವು ಹೊಸ ಭಾರತವನ್ನು ಕಟ್ಟುತ್ತಿದೆ ಎಂಬುದು ಅದರ ಸಂದೇಶ. ಇಂದು ಆ ಚಿತ್ರವನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಕಾರ್ಖಾನೆ ತಯಾರಿಸುತ್ತಿದ್ದ ಕೀಟನಾಶಕದ ಹೆಸರು ಸೆವಿನ್. ಅದರ ತಯಾರಿಯ ದಾರಿ ಹೀಗಿತ್ತು: ಕಾರ್ಬನ್ ಮಾನಾಕ್ಸೈಡ್ ಮತ್ತು ಕ್ಲೋರಿನ್ ಸೇರಿಸಿದರೆ ಫಾಸ್ಜೀನ್. ಫಾಸ್ಜೀನಿಗೆ ಮೊನೊಮೀಥೈಲ್ ಅಮೀನ್ ಸೇರಿಸಿದರೆ ಮೀಥೈಲ್ ಐಸೊಸಯನೇಟ್, ಅಂದರೆ ಎಂಐಸಿ. ಅದಕ್ಕೆ ಆಲ್ಫಾ ನ್ಯಾಫ್ತಾಲ್ ಸೇರಿಸಿದರೆ ಸೆವಿನ್. ಮೊದಲು ಎಂಐಸಿಯನ್ನು ಅಮೆರಿಕದಿಂದ ತರಿಸುತ್ತಿದ್ದರು. 1980ರಲ್ಲಿ ಅದನ್ನು ಭೋಪಾಲದಲ್ಲೇ ತಯಾರಿಸುವ ಕೆಲಸ ಶುರುವಾಯಿತು. ಅಲ್ಲಿಂದಾಚೆಗೆ ಕಾರ್ಮಿಕರು ದಿನವೂ ಕೈಯಾಡಿಸುವ ಕೊಳವೆಗಳಲ್ಲಿ ಹರಿಯುತ್ತಿದ್ದದ್ದು ಸಾಮಾನ್ಯ ತೇಜಾಬ್ ಆಗಿರಲಿಲ್ಲ.

ಫಾಸ್ಜೀನ್ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ವಿಷ. ಅದರ ಗುಣ ವಿಚಿತ್ರ. ಒಳಗೆ ಹೋದ ಮೇಲೆ ಮನುಷ್ಯ ಕೆಲವು ಗಂಟೆ ಚೆನ್ನಾಗಿಯೇ ಇರುತ್ತಾನೆ, ಮಾತನಾಡುತ್ತಾನೆ, ನಡೆದಾಡುತ್ತಾನೆ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಎಂಐಸಿ ಇನ್ನೊಂದು ಬಗೆಯದು. ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಈ ದ್ರವಕ್ಕೆ ನೀರು ಸೋಕಿದರೆ ಶಾಖ ಹೊಮ್ಮುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ, ಬೆವರಿದ ಚರ್ಮ ಹೀಗೆ ಮನುಷ್ಯನ ಮೈಯಲ್ಲಿ ತೇವ ಇರುವಲ್ಲೆಲ್ಲಾ ಅದು ಸುಡುತ್ತದೆ.

ರಾಸಾಯನಿಕದ ಸುಟ್ಟಗಾಯಕ್ಕೂ ಬೆಂಕಿಯ ಸುಟ್ಟಗಾಯಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಬೆಂಕಿಯಿಂದ ಕೈ ಹಿಂದಕ್ಕೆ ತೆಗೆದರೆ ಸುಡುವುದು ನಿಲ್ಲುತ್ತದೆ. ರಾಸಾಯನಿಕವು ಮೈಗೆ ಅಂಟಿಕೊಂಡಿರುವಷ್ಟು ಹೊತ್ತೂ ಸುಡುತ್ತಲೇ ಇರುತ್ತದೆ. ಆಮ್ಲವು ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸುವುದರಿಂದ ಹಲವು ಸಲ ಆ ಹೆಪ್ಪೇ ಅಡ್ಡಗೋಡೆಯಾಗಿ ಗಾಯ ಆಳಕ್ಕೆ ಇಳಿಯದಂತೆ ತಡೆಯುತ್ತದೆ. ಕಾಸ್ಟಿಕ್ ಸೋಡಾ, ಸುಣ್ಣದಂಥ ಕ್ಷಾರಗಳು ಚರ್ಮವನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತವೆ. ಅದಕ್ಕಾಗಿಯೇ ಇಂಥ ಕಾರ್ಖಾನೆಗಳಲ್ಲಿ ಕೆಲಸದ ಜಾಗದ ಪಕ್ಕದಲ್ಲೇ ನೀರಿನ ಶವರ್ ಮತ್ತು ಕಣ್ಣು ತೊಳೆಯುವ ನಲ್ಲಿ ಇರಬೇಕು. ಸಾಮಾನ್ಯವಾಗಿ ಮೊದಲ ಔಷಧಿ ನೀರೇ, ಅದೂ ಆ ಕ್ಷಣದಲ್ಲಿ ಧಾರಾಳವಾಗಿ. ಇನ್ನು ಉಸಿರಿನೊಂದಿಗೆ ಒಳಗೆ ಹೋದ ವಿಷವನ್ನು ತೊಳೆಯಬಲ್ಲ ನಲ್ಲಿ ಎಲ್ಲಿಯೂ ಇಲ್ಲ.

ಮೊದಲ ಸಾವು

1976ರಲ್ಲಿಯೇ ಎರಡು ಕಾರ್ಮಿಕ ಸಂಘಟನೆಗಳು ಕಾರ್ಖಾನೆಯ ಒಳಗಿನ ಮಾಲಿನ್ಯದ ಬಗ್ಗೆ ದೂರು ಕೊಟ್ಟಿದ್ದವು. 1981ರ ಡಿಸೆಂಬರಿನಲ್ಲಿ ಅಶ್ರಫ್ ಖಾನ್ ಎಂಬ ಕಾರ್ಮಿಕ ಕೊಳವೆಯೊಂದರ ರಿಪೇರಿ ಮಾಡುತ್ತಿದ್ದಾಗ ಫಾಸ್ಜೀನ್ ಆತನ ಮೇಲೆ ಸಿಡಿಯಿತು. ಗಾಬರಿಯಲ್ಲಿ ಆತ ಮುಖದ ಮಾಸ್ಕ್ ಕಿತ್ತುಹಾಕಿದ. ಆ ಕೆಲವು ಕ್ಷಣಗಳಲ್ಲಿ ವಿಷ ಒಳಗೆ ಹೋಯಿತು. 72 ಗಂಟೆಗಳೊಳಗೆ ಆತ ತೀರಿಕೊಂಡ.

ಆ ಸಾವಿಗೆ ಒಂದು ಸುಲಭದ ವಿವರಣೆ ಸಿದ್ಧವಾಗಿಯೇ ಇತ್ತು. ಮಾಸ್ಕ್ ತೆಗೆಯಬಾರದಿತ್ತು, ಆತನೇ ತೆಗೆದ, ಹೋದ. ನಮ್ಮ ಮೊಹಲ್ಲಾದ ಹಿರಿಯರ ಮಾತೇ ಇಲ್ಲಿಯೂ ಕೇಳಿಸುವುದಿಲ್ಲವೇ? ಖಾಲಿಯಾಗಿರಬೇಕಾಗಿದ್ದ ಕೊಳವೆಯಲ್ಲಿ ಫಾಸ್ಜೀನ್ ಏಕೆ ಇತ್ತು? ಮೈಮೇಲೆ ವಿಷ ಸಿಡಿದಾಗ ಮನುಷ್ಯ ಬೆದರುತ್ತಾನೆ ಎಂಬುದು ಯಂತ್ರವನ್ನು ಕಟ್ಟಿದವರಿಗೆ ಗೊತ್ತಿರಲಿಲ್ಲವೇ? ಗಾಬರಿಯಾದ ಮನುಷ್ಯನೂ ಬದುಕಿ ಉಳಿಯುವಂತೆ ಕೆಲಸದ ಜಾಗವನ್ನು ರೂಪಿಸುವುದೇ ಸುರಕ್ಷತೆ. ಎಂದೂ ತಪ್ಪು ಮಾಡದ, ಎಂದೂ ಬೆದರದ ಕಾರ್ಮಿಕನನ್ನು ನಂಬಿ ಕಟ್ಟಿದ ಕಾರ್ಖಾನೆಯನ್ನು ಸುರಕ್ಷಿತವೆಂದು ಕರೆಯಲಾಗದು.

ಅಶ್ರಫನ ಸಾವಿನ ಮರುತಿಂಗಳೇ, 1982ರ ಜನವರಿಯಲ್ಲಿ, ಫಾಸ್ಜೀನ್ ಸೋರಿ 24 ಕಾರ್ಮಿಕರು ಆಸ್ಪತ್ರೆ ಸೇರಿದರು. ಮಾಸ್ಕ್ ಧರಿಸಬೇಕೆಂದು ಅವರಲ್ಲಿ ಯಾರಿಗೂ ಆದೇಶವಿರಲಿಲ್ಲ. ಫೆಬ್ರವರಿಯಲ್ಲಿ ಎಂಐಸಿ ಸೋರಿ 18 ಮಂದಿ ಬಾಧಿತರಾದರು. ಆಗಸ್ಟ್‌ನಲ್ಲಿ ಒಬ್ಬ ಕೆಮಿಕಲ್ ಇಂಜಿನಿಯರ್ ಮೇಲೆ ದ್ರವರೂಪದ ಎಂಐಸಿ ಬಿದ್ದು ಆತನ ಮೈಯ ಶೇ. 30ರಷ್ಟು ಭಾಗ ಸುಟ್ಟಿತು. ಅಕ್ಟೋಬರ್‌ನಲ್ಲಿ ಮತ್ತೆ ಎಂಐಸಿ ಸೋರಿತು. ಅದನ್ನು ನಿಲ್ಲಿಸಲು ಹೋದ ಮೇಲ್ವಿಚಾರಕನಿಗೆ ತೀವ್ರ ಸುಟ್ಟಗಾಯಗಳಾದವು. ಇನ್ನಿಬ್ಬರು ಅನಿಲ ಕುಡಿದು ನರಳಿದರು. ಆ ಸಲ ಅಕ್ಕಪಕ್ಕದ ಬಸ್ತಿಗಳ ಜನರಿಗೂ ಕಣ್ಣುರಿ, ಉಸಿರಾಟದ ತೊಂದರೆ ಕಾಣಿಸಿತು. ಗೋಡೆಯ ಒಳಗಿದ್ದ ಬೆಂಕಿ ಗೋಡೆ ದಾಟಿದ ಮೊದಲ ಸೂಚನೆ ಅದು.

ಅದೇ 1982ರ ಫೆಬ್ರವರಿ 13ರಂದು ಭೋಪಾಲದ ದೊಡ್ಡ ಕೆರೆಯ ದಂಡೆಯ ಮೇಲೆ ಭಾರತ ಭವನದ ಉದ್ಘಾಟನೆಯಾಯಿತು. ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಆ ಭವನದ ರಂಗಮಂಡಲವನ್ನು ಕಟ್ಟಿ ನಡೆಸಿದವರು ನಮ್ಮವರೇ ಆದ ಬಿ.ವಿ. ಕಾರಂತರು. ದೇಶದ ಕಲಾವಿದರೆಲ್ಲ ಭೋಪಾಲದ ಕಡೆಗೆ ನೋಡುತ್ತಿದ್ದ ಕಾಲದಲ್ಲಿಯೇ, ಅದೇ ಊರಿನ ಇನ್ನೊಂದು ತುದಿಯಲ್ಲಿ 18 ಕಾರ್ಮಿಕರ ಮೈಗೆ ವಿಷ ತಗುಲಿತ್ತು. ಒಂದೇ ಊರು ಎರಡು ಊರುಗಳಾಗಿ ಬದುಕುವುದು ನಮ್ಮ ದೇಶದಲ್ಲಿ ಹೊಸತೇನಲ್ಲ.

ಕೂಗಿದವರು ಇದ್ದರು

ಯಾರೂ ಎಚ್ಚರಿಸಲಿಲ್ಲ ಎಂದು ಹೇಳುವಂತಿಲ್ಲ. ಕಾರ್ಮಿಕ ಸಂಘಟನೆ ಪೋಸ್ಟರ್ ಅಚ್ಚು ಹಾಕಿಸಿ ಊರ ಗೋಡೆಗಳಿಗೆ ಅಂಟಿಸಿತು. ಕಾರ್ಮಿಕರ ಮತ್ತು ಊರಿನವರ ಪ್ರಾಣ ಅಪಾಯದಲ್ಲಿದೆ ಎಂಬುದೇ ಅದರ ಸಾರ. 1982ರ ಮೇ ತಿಂಗಳಲ್ಲಿ ಅಮೆರಿಕದ ಮೂಲ ಕಂಪನಿಯಿಂದಲೇ ಬಂದ ತಜ್ಞರ ತಂಡವೂ ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿ ವರದಿ ಕೊಟ್ಟಿತು.

ರಾಜಕುಮಾರ್ ಕೇಸ್ವಾನಿ ಎಂಬ ಯುವ ಪತ್ರಕರ್ತರಿಗೆ ಅಶ್ರಫ್ ಖಾನ್ ಪರಿಚಿತರು. ಆ ಸಾವು ಅವರನ್ನು ಕಾಡಿತು. ಅವರು ಕಾರ್ಖಾನೆಯ ಬಗ್ಗೆ ತನಿಖೆ ಮಾಡುತ್ತಾ ಹೋದರು. 'ರಪಟ್' ಎಂಬ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ 1982ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಸರಣಿ ಲೇಖನ ಬರೆದರು. ಈ ಊರನ್ನು ಉಳಿಸಿ ಎಂಬ ಮೊರೆ ಒಂದರಲ್ಲಿ, ಭೋಪಾಲ ಜ್ವಾಲಾಮುಖಿಯ ಬಾಯಲ್ಲಿ ಕುಳಿತಿದೆ ಎಂಬ ಎಚ್ಚರಿಕೆ ಇನ್ನೊಂದರಲ್ಲಿ. ಮೂರನೆಯ ಲೇಖನದ ತಲೆಬರಹದಲ್ಲಿ ಇಕ್ಬಾಲರ ಪ್ರಸಿದ್ಧ ಸಾಲೊಂದರ ನೆರಳಿತ್ತು. ಚಿಕಿತ್ಸೆಗೆಂದು ಭೋಪಾಲಕ್ಕೆ ಬಂದಿದ್ದ ಕವಿಯ ಮಾತು ಸುಮಾರು ಅರ್ಧ ಶತಮಾನದ ನಂತರ ಅದೇ ಊರಿಗೆ ಎಚ್ಚರಿಕೆಯಾಗಿ ಮರಳಿತ್ತು. ಓದಿದವರು ಕಡಿಮೆ, ಕೇಳಿದವರು ಇಲ್ಲ. ಕೇಸ್ವಾನಿ 1984ರ ಜೂನ್‌ನಲ್ಲಿ 'ಜನಸತ್ತಾ'ದಲ್ಲಿ ಮತ್ತೆ ಬರೆದರು. ದುರಂತಕ್ಕೆ ಆಗ ಆರು ತಿಂಗಳೂ ಉಳಿದಿರಲಿಲ್ಲ. ಕೇಸ್ವಾನಿ 2021ರ ಮೇ ತಿಂಗಳಲ್ಲಿ ನಿಧನರಾದರು.

1982ರ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ವಿಧಾನಸಭೆಯಲ್ಲಿ ಈ ಪ್ರಶ್ನೆ ಎದ್ದಿತು. ಆಗಿನ ಕಾರ್ಮಿಕ ಸಚಿವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಇದು 25 ಕೋಟಿ ರೂಪಾಯಿ ಬಂಡವಾಳದ ಕಾರ್ಖಾನೆ, ಎತ್ತಿ ಬೇರೆಡೆಗೆ ಇಡಲು ಇದೇನು ಸಣ್ಣ ಕಲ್ಲಲ್ಲ. ಬಂಡವಾಳದ ಲೆಕ್ಕ ಸಭೆಯ ಕಡತಕ್ಕೆ ಸೇರಿತು. ಬೆಂದ ಕೈಗಳ, ಕೆಟ್ಟ ಶ್ವಾಸಕೋಶಗಳ ಲೆಕ್ಕವನ್ನು ಕೇಳುವವರು ಇರಲಿಲ್ಲ.

ಅದೇ ಹೊತ್ತಿಗೆ ಸೆವಿನ್ ಮಾರಾಟ ಕುಸಿದು ಕಂಪನಿ ಖರ್ಚು ಕಡಿತಕ್ಕೆ ಇಳಿಯಿತು. ಎಂಐಸಿ ಘಟಕದ ಪಾಳಿಯೊಂದರಲ್ಲಿ 12 ಮಂದಿ ಇದ್ದಲ್ಲಿ 6 ಮಂದಿ ಉಳಿದರು. ರಾತ್ರಿ ಪಾಳಿಯ ನಿರ್ವಹಣಾ ಮೇಲ್ವಿಚಾರಕನ ಹುದ್ದೆಯೇ ಹೋಯಿತು. ಹಿಂದಿ, ಉರ್ದು ಮಾತಾಡುವ ಕೆಲಸಗಾರರ ಕೈಗೆ ಸಿಕ್ಕಿದ ಸೂಚನಾ ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಎಂಐಸಿಯನ್ನು ತಣ್ಣಗಿಡುವ ಶೀತಕ ಘಟಕವನ್ನು 1984ರ ಜೂನ್‌ನಲ್ಲಿ ನಿಲ್ಲಿಸಲಾಯಿತು.

ಡಿಸೆಂಬರ್ 2ರ ರಾತ್ರಿ 610ನೇ ಸಂಖ್ಯೆಯ ಟ್ಯಾಂಕಿಗೆ ನೀರು ನುಗ್ಗಿತು. ಅದರಲ್ಲಿ ಸುಮಾರು 42 ಟನ್ ಎಂಐಸಿ ಇತ್ತು. ಅನಿಲವನ್ನು ತೊಳೆಯಬೇಕಾಗಿದ್ದ ಸ್ಕ್ರಬ್ಬರ್ ಆ ಹೊತ್ತಿಗೆ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಅನಿಲವನ್ನು ಉರಿಸಿಬಿಡಬೇಕಾಗಿದ್ದ ಗೋಪುರದ ಕೊಳವೆ ಕಳಚಿತ್ತು. ನೀರಿನ ಜೆಟ್ಟುಗಳು ಅನಿಲ ಹೊರಡುವ ಎತ್ತರಕ್ಕೆ ಮುಟ್ಟಲಿಲ್ಲ. ಮುಂದಿನದು ಜಗತ್ತಿಗೇ ಗೊತ್ತು. ಐದು ಲಕ್ಷಕ್ಕೂ ಹೆಚ್ಚು ಜನ ಆ ಅನಿಲಕ್ಕೆ ಒಡ್ಡಿಕೊಂಡರು. ತಕ್ಷಣದ ಸಾವಿನ ಮೊದಲ ಅಧಿಕೃತ ಸಂಖ್ಯೆ 2,259. ನಂತರ ರಾಜ್ಯ ಸರಕಾರ ಹೇಳಿದ್ದು 3,787. ಸಂತ್ರಸ್ತರ ಸಂಘಟನೆಗಳ ಲೆಕ್ಕ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜೆ.ಪಿ. ನಗರ, ಕಾಜಿ ಕ್ಯಾಂಪ್, ಚಾಂದಬಡದ ಜನ ಕಣ್ಣಲ್ಲಿ ಮೆಣಸಿನಪುಡಿ ಎರಚಿದಂತಾಯಿತೆಂದು ಹೇಳಿದರು. ಕಾರ್ಮಿಕರ ಮೈ ಮೂರು ವರ್ಷಗಳ ಹಿಂದೆಯೇ ಅರಿತಿದ್ದ ಉರಿ ಅದು.

ಮತ್ತೆ ಕಾರ್ಮಿಕನ ಮೇಲೆ ಬೆರಳು

ಇಷ್ಟಾದ ಮೇಲೆ ಕಂಪನಿ ಏನು ಹೇಳಿತು? ಅಸಮಾಧಾನಗೊಂಡ ಒಬ್ಬ ಕಾರ್ಮಿಕ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟ ಎಂದಿತು. 1988ರಲ್ಲಿ ಕಂಪನಿಯು ಒಂದು ಸಲಹಾ ಸಂಸ್ಥೆಯಿಂದ ಮಾಡಿಸಿದ ಅಧ್ಯಯನದಲ್ಲಿ ಈ ವಾದವನ್ನು ವಿವರವಾಗಿ ಮುಂದಿಡಲಾಯಿತು. ನ್ಯಾಯಾಲಯವೊಂದರಲ್ಲಿ ಈ ಆರೋಪ ಯಾವ ಕಾರ್ಮಿಕನ ಮೇಲೂ ಸಾಬೀತಾಗಿಲ್ಲ. ವಾದಕ್ಕಾಗಿ ಒಪ್ಪಿಕೊಂಡರೂ, ಒಬ್ಬ ಮನುಷ್ಯ ಒಂದು ನಲ್ಲಿ ತಿರುಗಿಸಿದರೆ ಒಂದು ನಗರವೇ ಉಸಿರುಗಟ್ಟುವಂಥ ಸ್ಥಿತಿಯಲ್ಲಿ ಆ ಕಾರ್ಖಾನೆಯನ್ನು ಇಟ್ಟವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 1981ರಲ್ಲಿ ಮಾಸ್ಕ್ ತೆಗೆದವನ ಮೇಲೆ ಬಿದ್ದ ಹೊಣೆ 1984ರಲ್ಲಿ ಹೆಸರಿಲ್ಲದ ಇನ್ನೊಬ್ಬ ಕೆಲಸಗಾರನ ಮೇಲೆ ಬಿತ್ತು. ಎರಡರ ನಡುವೆ ತರ್ಕ ಒಂದೇ.

1989ರಲ್ಲಿ 47 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. ಹಂಚಿಕೆಯಾದಾಗ ಬಹುತೇಕ ಗಾಯಾಳುಗಳ ಕೈಗೆ ಮೊದಲು ಬಂದದ್ದು 25,000 ರೂಪಾಯಿ. ಕಂಪನಿಯ ಮುಖ್ಯಸ್ಥ ವಾರೆನ್ ಆಂಡರ್ಸನ್ 1984ರ ಡಿಸೆಂಬರ್ 7ರಂದು ಭೋಪಾಲದಲ್ಲಿ ಬಂಧನಕ್ಕೊಳಗಾಗಿ ಜಾಮೀನಿನ ಮೇಲೆ ಹೊರಬಂದವರು ವಿಚಾರಣೆಗೆ ಮರಳಲೇ ಇಲ್ಲ; 2014ರಲ್ಲಿ ತೀರಿಕೊಂಡರು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆ ವಿಧಿಸಿತು. ಹೆಚ್ಚಿನ ಪರಿಹಾರ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಕಾರ್ಖಾನೆಯ ಅಂಗಳದಲ್ಲಿದ್ದ ಸುಮಾರು 337 ಟನ್ ವಿಷಕಸ ಅಲ್ಲಿಂದ ಹೊರಟು ಪೀಥಂಪುರಕ್ಕೆ ಹೋಗಿದ್ದು 2025ರ ಜನವರಿಯಲ್ಲಿ, ದುರಂತವಾಗಿ ನಲವತ್ತು ವರ್ಷ ಕಳೆದ ಮೇಲೆ.

ಆದರೆ ಈ ಕತೆಯಲ್ಲಿ ತಲೆಬಾಗದವರೂ ಇದ್ದಾರೆ. ಅಬ್ದುಲ್ ಜಬ್ಬಾರ್ ಸಂತ್ರಸ್ತ ಹೆಂಗಸರನ್ನು ಸಂಘಟಿಸಿ, ಖೈರಾತು ಬೇಡ, ದುಡಿಮೆ ಬೇಕು ಎಂಬ ಬೇಡಿಕೆಯಿಟ್ಟು ಮೂರು ದಶಕಗಳಿಗೂ ಹೆಚ್ಚು ಕಾಲ ಹೋರಾಡಿದರು. ಅವರು 2019ರಲ್ಲಿ ತೀರಿಕೊಂಡ ಮೇಲೆ ಪದ್ಮಶ್ರೀ ಬಂತು. ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಎಂಬ ಇಬ್ಬರು ದುಡಿಯುವ ಹೆಣ್ಣುಮಕ್ಕಳು 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದರು. ಆ ಹಣದಿಂದ ಅವರು ಕಟ್ಟಿದ ಚಿಂಗಾರಿ ಟ್ರಸ್ಟ್ ವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳಿಗಾಗಿ ದುಡಿಯಿತು. ಅನಿಲ ಯಾರ ಧರ್ಮವನ್ನೂ ಕೇಳಿರಲಿಲ್ಲ. ಇವರ ಹೋರಾಟವೂ ಕೇಳಲಿಲ್ಲ.

ಕಾನೂನು ಕಲಿತದ್ದು, ಮರೆತದ್ದು

ದುರಂತದ ಮೊದಲ ವರ್ಷ ತುಂಬಿದ ಮರುದಿನ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ, ಅಂದರೆ ಹೊಗೆಯಾಡುವ ಗಂಧಕಾಮ್ಲ, ಸೋರಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಹತ್ವದ ತತ್ವವನ್ನು ಸಾರಿತು. ಅಪಾಯಕಾರಿ ಉದ್ದಿಮೆ ನಡೆಸುವವರು ಅದರಿಂದಾದ ಹಾನಿಗೆ ಪೂರ್ಣ ಹೊಣೆಗಾರರು, ನೆಪಗಳಿಗೆ ಅವಕಾಶವಿಲ್ಲ ಎಂಬುದೇ ಆ ತತ್ವ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯವೇ ಸೇರಿತು. ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ಕೊಡಬೇಕು. ಅಪಾಯ ಕಂಡರೆ ಅದನ್ನು ಗಮನಕ್ಕೆ ತರುವುದು ಕಾರ್ಮಿಕನ ಹಕ್ಕು ಎಂದು ಅದು ಹೇಳಿತು. ಭೋಪಾಲದ ಕಾರ್ಮಿಕರು 1982ರಲ್ಲಿ ಪೋಸ್ಟರ್ ಅಂಟಿಸಿ ಮಾಡಿದ್ದೂ ಇದನ್ನೇ. ಕಾನೂನು ಅವರನ್ನು ಐದು ವರ್ಷ ತಡವಾಗಿ ಹಿಂಬಾಲಿಸಿತು.

ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಅದರ ಪ್ರಕಾರ ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಿಕೊಳ್ಳಬೇಕಾದರೆ ಮೊದಲಿದ್ದ 10ರ ಬದಲು 20 ಕೆಲಸಗಾರರು ಇರಬೇಕು. ಆದರೆ ರಾಸಾಯನಿಕದ ಗಾಯಗಳು ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಆಗುವುದಿಲ್ಲ. ಗಿಲೀಟು ಹಾಕುವ ಕೋಣೆಗಳಲ್ಲಿ, ಬಣ್ಣ ಹಾಕುವ ಶೆಡ್ಡುಗಳಲ್ಲಿ, ಹಳೆಯ ಬ್ಯಾಟರಿ ಒಡೆಯುವ ಅಂಗಳಗಳಲ್ಲಿ, ಶೌಚಾಲಯ ತೊಳೆಯುವ ಆಸಿಡ್ಡನ್ನು ಬಾಟಲಿಗೆ ತುಂಬುವ ಮನೆಗಳಲ್ಲಿ ನಾಲ್ಕೈದು ಜನ ಬರಿಗೈಯಲ್ಲಿ ದುಡಿಯುತ್ತಾರೆ. ಹಸಿ ಸಿಮೆಂಟಿನಲ್ಲಿ ದಿನವಿಡೀ ನಿಲ್ಲುವ ಗಾರೆ ಕೆಲಸದವರ ಪಾದಗಳೂ ಕ್ಷಾರದಿಂದ ಸುಡುತ್ತವೆ. ಇವರಲ್ಲಿ ಎಷ್ಟೋ ಮಂದಿ ನಮ್ಮ ನಿಮ್ಮ ಮೊಹಲ್ಲಾದವರು, ಕೇರಿಯವರು. ಇವರ ಗಾಯ ಯಾವ ಕಡತದಲ್ಲಿ ದಾಖಲಾಗುತ್ತದೆ?

ಕಲಾಯಿ ಚಾಚಾ ತೀರಿಹೋಗಿ ಬಹಳ ಕಾಲವಾಯಿತು. ಸ್ಟೀಲ್ ಪಾತ್ರೆಗಳು ಬಂದ ಮೇಲೆ ಆ ಅಂಗಡಿಯೂ ಮುಚ್ಚಿತು. ಅವರ ಕೆಲಸದ ಜಾಗದಿಂದ ನೀರಿನ ನಲ್ಲಿಗೆ ಒಂದು ಬೀದಿ ದಾಟಿ ಹೋಗಬೇಕಿತ್ತು ಎಂಬುದು ನನಗೆ ಹೊಳೆದದ್ದು ಈ ಚರಿತ್ರೆಯನ್ನೆಲ್ಲ ಓದಿದ ಮೇಲೆ. ಕಣ್ಣಿಗೆ ಹನಿ ಸಿಡಿದ ದಿನ ಅವರು ಕಣ್ಣು ಮುಚ್ಚಿಕೊಂಡು, ತಡವರಿಸುತ್ತಾ ಆ ಬೀದಿಯನ್ನು ದಾಟಿದ್ದರು. ಹುಷಾರಾಗಿರಬೇಕಿತ್ತು ಎಂದವರಲ್ಲಿ ಒಬ್ಬರೂ, ಅಂಗಡಿಯ ಬಳಿ ಒಂದು ಕೊಡ ನೀರು ಏಕೆ ಇರಲಿಲ್ಲ ಎಂದು ಕೇಳಿರಲಿಲ್ಲ. ಮುಂದಿನ ಸಲ ನಮ್ಮ ಸುತ್ತ ಯಾರದಾದರೂ ಕೈ ಸುಟ್ಟರೆ, ನಾವು ಮೊದಲು ಕೇಳಬೇಕಾದ ಪ್ರಶ್ನೆ ಅದೇ.